ಗುಲ್‌ಮೊಹರ್‌ನ ಚುಕ್ಕೆ ಎಸಳು ಧ್ವಜದಳವೇ?

ಪ್ರಶ್ನೆ: ಹೊಂಗೆ, ಗುಲ್‌ಮೊಹರ್, ಮಳೆಮರ ಈ ಮೂರೂ ಅವರೆ, ಬಟಾಣಿಗಳ ಕುಟುಂಬಕ್ಕೇ ಸೇರಿದವು ಎಂದು ಓದಿದ್ದೇನೆ. ಆದರೆ ಇವುಗಳ ಹೂಗಳಲ್ಲಿ ಒಂದಕ್ಕೊಂದು ನಂಟೇ ಕಾಣಿಸುವುದಿಲ್ಲ. ಗುಲ್‌ಮೊಹರ್ ಹೂವಿನಲ್ಲಿ ಒಂದು ಎಸಳು ಮಾತ್ರ ಬಿಳಿ, ಅದರ ಮೈಮೇಲೆ ಕೆಂಪು ಚುಕ್ಕೆ. ಅದನ್ನೇ ಧ್ವಜದಳ, ಅಂದರೆ ಬಟಾಣಿಯಂಥ ಹೂಗಳಲ್ಲಿ ಬಾವುಟದಂತೆ ನಿಲ್ಲುವ ದೊಡ್ಡ ಎಸಳು, ಎಂದುಕೊಂಡು ಮರವನ್ನು ಚಿಟ್ಟೆಹೂವಿನ ಉಪಕುಟುಂಬಕ್ಕೆ ಸೇರಿಸಿದೆ, ತಪ್ಪು ಎಂದರು. ಹೂವು ಮತ್ತು ಕಾಯಿಯನ್ನು ನೋಡಿ ಈ ಉಪಕುಟುಂಬಗಳನ್ನು ಬೇರ್ಪಡಿಸುವುದು ಹೇಗೆ? ಒಂದು ಪುಸ್ತಕ ಮೂರು ಉಪಕುಟುಂಬ ಎನ್ನುತ್ತದೆ, ಇನ್ನೊಂದು ಆರು ಎನ್ನುತ್ತದೆ. ಯಾವುದನ್ನು ನಂಬಬೇಕು?

ಉತ್ತರ: ನೀವು ಎಡವಿದರೂ ಸರಿಯಾದ ಜಾಗದಲ್ಲೇ ಎಡವಿದ್ದೀರಿ. ಗುಲ್‌ಮೊಹರ್‌ನ ಆ ಚುಕ್ಕೆ ಎಸಳು ಇರುವುದು ಹೊಂಗೆಯ ಧ್ವಜದಳ ಇರುವ ಸ್ಥಾನದಲ್ಲಿಯೇ. ಐದು ದಳಗಳ ಪೈಕಿ ಗೊಂಚಲಿನ ದಂಟಿನ ಕಡೆಗಿರುವ ದಳ ಅದು. ವ್ಯತ್ಯಾಸ ಇರುವುದು ಮೊಗ್ಗಿನಲ್ಲಿ ಅದು ಕುಳಿತಿರುವ ಬಗೆಯಲ್ಲಿ. ಹೊಂಗೆಯ ಮೊಗ್ಗಿನಲ್ಲಿ ಆ ದಳ ಎಲ್ಲಕ್ಕಿಂತ ಹೊರಗಿದ್ದು ಉಳಿದವನ್ನು ಮುಚ್ಚಿಕೊಂಡಿರುತ್ತದೆ. ಗುಲ್‌ಮೊಹರ್‌ನಲ್ಲಿ ಅದೇ ದಳ ಎಲ್ಲಕ್ಕಿಂತ ಒಳಗೆ ಅಡಗಿರುತ್ತದೆ. ಹೂ ಅರಳಿದ ಮೇಲೆ ಈ ಹೊರಗು ಒಳಗು ಗೊತ್ತಾಗುವುದು ಕಷ್ಟ. ಆದ್ದರಿಂದಲೇ ನನ್ನ ಬಳಿ ಅರಳಿದ ಹೂವನ್ನು ಹಿಡಿದು ಬರುವವರಿಗೆ, ಹೋಗಿ ಒಂದು ಮೊಗ್ಗನ್ನೂ ತನ್ನಿ ಎಂದು ಮೊದಲು ಹೇಳುತ್ತೇನೆ.

ನಾಳೆ ಅರಳಲಿದೆ ಎನ್ನಿಸುವಂಥ ಮೊಗ್ಗು ಬೇಕು. ತೀರ ಎಳೆಯದಾದರೆ ದಳಗಳು ಇನ್ನೂ ಒಂದರ ಮೇಲೊಂದು ಬೆಳೆದಿರುವುದಿಲ್ಲ. ಒಂದು ಸೂಜಿ, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಇದ್ದರೆ ಸಾಕು. ಮೊದಲು ಹೊರಗಿನ ಹಸಿರು ಪುಷ್ಪಪಾತ್ರೆಯನ್ನು ತೆಗೆದುಹಾಕಿ. ಇಲ್ಲಿ ಒಂದು ಎಚ್ಚರಿಕೆ ಬೇಕು. ಗುಲ್‌ಮೊಹರ್‌ನ ಪುಷ್ಪಪಾತ್ರೆಯ ಐದು ದಪ್ಪ ಎಸಳುಗಳು ಒಂದರ ಮೇಲೊಂದು ಏರದೆ ಅಂಚಿಗೆ ಅಂಚು ತಾಗಿಸಿಕೊಂಡು ನಿಂತಿರುತ್ತವೆ. ಅದನ್ನೇ ದಳಗಳ ಜೋಡಣೆ ಎಂದುಕೊಂಡು ಮರವನ್ನು ಮಳೆಮರದ ಗುಂಪಿಗೆ ಸೇರಿಸಿದವರನ್ನೂ ಕಂಡಿದ್ದೇನೆ. ನಮಗೆ ಬೇಕಾದದ್ದು ಅದರ ಒಳಗಿನ ಬಣ್ಣದ ಸುತ್ತು. ಆ ದಳಗಳನ್ನು ಹೊರಗಿನಿಂದ ಒಂದೊಂದಾಗಿ ಬಿಡಿಸುತ್ತ, ಯಾವುದು ಮೊದಲು ಬಂತು, ಯಾವುದು ಕೊನೆಗೆ ಉಳಿಯಿತು ಎಂಬುದನ್ನು ಬರೆದಿಟ್ಟುಕೊಳ್ಳಿ.

ಮೇಲಿನ ದಳ ಎಂದಾಗ ಆಕಾಶದ ಕಡೆಗೆ ಇರುವುದು ಎಂದಲ್ಲ, ದಂಟಿನ ಕಡೆಗೆ ಇರುವುದು ಎಂದರ್ಥ. ಕಕ್ಕೆಯಂಥ ಜೋಲುವ ಗೊಂಚಲಿನಲ್ಲಿ ಈ ಎರಡೂ ಬೇರೆ ಬೇರೆಯಾಗುತ್ತವೆ. ಅನುಮಾನ ಬಂದರೆ ಮೊಗ್ಗನ್ನು ಕೀಳುವ ಮುನ್ನವೇ ದಂಟಿನ ಕಡೆಯ ಮೈಗೆ ಶಾಯಿಯ ಚುಕ್ಕೆ ಇಟ್ಟುಬಿಡಿ.

ಮೇಲಿನ ದಳ ಮೊದಲು ಕೈಗೆ ಬಂದರೆ ಅದು ಚಿಟ್ಟೆಹೂವಿನ ಗುಂಪು, ಅಂದರೆ ಪ್ಯಾಪಿಲಿಯೊನಾಯ್ಡೀ. ಅವರೆ, ತೊಗರಿ, ಬಟಾಣಿ, ಹೊಂಗೆ, ಮುತ್ತುಗ, ಬೀಟೆ, ಅಗಸೆ ಮರ ಎಲ್ಲವೂ ಇಲ್ಲಿಯವೇ. ಈ ಕುಟುಂಬದ ಸುಮಾರು 19,500 ಪ್ರಭೇದಗಳಲ್ಲಿ 14,000ದಷ್ಟು ಈ ಒಂದೇ ಉಪಕುಟುಂಬದಲ್ಲಿವೆ. ಹೊರಗಿನ ಧ್ವಜದಳದ ಕೆಳಗೆ ಅಕ್ಕಪಕ್ಕ ಎರಡು ರೆಕ್ಕೆದಳಗಳು, ಅವುಗಳ ಒಳಗೆ ಕೆಳ ಅಂಚಿನಲ್ಲಿ ಬೆಸೆದುಕೊಂಡು ದೋಣಿಯಾದ ಎರಡು ದಳಗಳು. ಪರಾಗ ಹೊತ್ತ ಕೇಸರಗಳೂ ಮುಂದೆ ಕಾಯಾಗುವ ಅಂಡಾಶಯವೂ ಆ ದೋಣಿಯೊಳಗೆ ಅಡಗಿರುತ್ತವೆ. ಅರಳಿದ ಬಟಾಣಿ ಹೂವಿನ ರೆಕ್ಕೆದಳಗಳನ್ನು ಕಡ್ಡಿಯಿಂದ ಮೆಲ್ಲಗೆ ಕೆಳಕ್ಕೆ ಒತ್ತಿದರೆ ದೋಣಿ ಬಾಗಿ ಒಳಗಿನದೆಲ್ಲ ಮೇಲೆ ಬರುತ್ತದೆ. ಜೇನುನೊಣ ಕುಳಿತಾಗ ಆಗುವುದೂ ಇದೇ. ದೋಣಿಯನ್ನು ಸೀಳಿದರೆ ಹತ್ತು ಕೇಸರಗಳು ಸಿಗುತ್ತವೆ. ಒಂಬತ್ತರ ಬುಡ ಸೇರಿ ಒಂದು ಕಡೆ ಬಾಯಿ ತೆರೆದ ಕೊಳವೆಯಾಗಿರುತ್ತದೆ, ಹತ್ತನೆಯದು ಆ ಬಾಯಿಯಲ್ಲಿ ಒಂಟಿಯಾಗಿ ನಿಂತಿರುತ್ತದೆ. ಗಿಲಿಗಿಚ್ಚಿ ಗಿಡದಲ್ಲಿ ಹತ್ತೂ ಸೇರಿಕೊಂಡಿರುತ್ತವೆ. ಗುಲಗಂಜಿಯಲ್ಲಿ ಒಂಟಿ ಕೇಸರವೇ ಇಲ್ಲದೆ ಒಟ್ಟು ಒಂಬತ್ತೇ ಇರುತ್ತವೆ.

ಈ ಗುಂಪಿನಲ್ಲೂ ವೇಷ ಬದಲಿಸುವವು ಇವೆ. ಶಂಖಪುಷ್ಪದ ಹೂವು ತೊಟ್ಟಿನಲ್ಲೇ ತಿರುಚಿಕೊಂಡು ತಲೆಕೆಳಗಾಗುತ್ತದೆ. ಅದರ ಅಗಲವಾದ ನೀಲಿ ಧ್ವಜದಳ ಕೆಳಗೆ ಹಾಸಿಕೊಂಡಿದ್ದು ದೋಣಿ ಮೇಲಕ್ಕೆ ಬರುತ್ತದೆ. ಹಾಲುವಾಣದಲ್ಲಿ ಧ್ವಜದಳ ಕೆಂಪಗೆ ಉದ್ದವಾಗಿ ಬೆಳೆದು, ರೆಕ್ಕೆ ಮತ್ತು ದೋಣಿಗಳು ಹೆಸರಿಗಷ್ಟೇ ಉಳಿದಿರುವುದರಿಂದ ಕೇಸರಗಳು ಬಯಲಿಗೆ ಬಂದಿರುತ್ತವೆ. ಅದು ಹಕ್ಕಿಗಳಿಗಾಗಿ ಅರಳುವ ಹೂವು. ಅಮಾರ್ಫ ಎಂಬ ಕುಲದಲ್ಲಂತೂ ಧ್ವಜದಳ ಒಂದೇ ಉಳಿದು ಮಿಕ್ಕ ನಾಲ್ಕು ದಳಗಳು ಮಾಯವಾಗಿವೆ. ಸೊಫೋರ ಎಂಬ ಇನ್ನೊಂದು ಕುಲದಲ್ಲಿ ಹತ್ತು ಕೇಸರಗಳೂ ಬಿಡಿಬಿಡಿ. ಇವನ್ನೆಲ್ಲ ಈಗಲೇ ಬಾಯಿಪಾಠ ಮಾಡಿಕೊಳ್ಳಬೇಡಿ. ಇಂಥ ಹೂವು ಎದುರಾದಾಗಲೂ ಮೊಗ್ಗನ್ನು ಬಿಡಿಸಿದರೆ ಧ್ವಜದಳ ಹೊರಗೇ ಇರುತ್ತದೆ ಎಂಬುದು ನೆನಪಿದ್ದರೆ ಸಾಕು.

ಮೇಲಿನ ದಳ ಕೊನೆಗೆ ಉಳಿದರೆ ಅದು ಹಳೆಯ ಪುಸ್ತಕಗಳು ಸಿಸಾಲ್ಪಿನಿಯಾಯ್ಡೀ ಎನ್ನುವ ಗುಂಪು. ಗುಲ್‌ಮೊಹರ್, ಕಕ್ಕೆ, ತಂಗಡಿ, ರತ್ನಗಂಧಿ, ಬಸವನಪಾದ, ಹುಣಸೆ, ಅಶೋಕ ಇವೆಲ್ಲ ಇಲ್ಲಿವೆ. ದೋಣಿ ಇರುವುದಿಲ್ಲ. ದಳಗಳು ಬಿಡಿ, ಹರಡಿಕೊಂಡವು. ಕೇಸರಗಳು ಹತ್ತು ಅಥವಾ ಅದಕ್ಕಿಂತ ಕಡಿಮೆ, ಬಹುತೇಕ ಬಿಡಿಯಾಗಿದ್ದು ಕಣ್ಣಿಗೆ ನೇರವಾಗಿ ಕಾಣುತ್ತವೆ. ಕಕ್ಕೆಯ ಹೂವನ್ನು ಕೈಯಲ್ಲಿ ಹಿಡಿದು ನೋಡಿ. ಮೂರು ಕೇಸರಗಳು ಉದ್ದವಾಗಿ ಕೊಕ್ಕೆಯಂತೆ ಬಾಗಿವೆ, ನಾಲ್ಕು ಗಿಡ್ಡ, ಉಳಿದ ಮೂರು ಇನ್ನೂ ಚಿಕ್ಕವು. ಬಸವನಪಾದದಲ್ಲಿ ಫಲವತ್ತಾದ ಕೇಸರಗಳು ಮೂರಿದ್ದರೆ ಅದು ಬಾಹಿನಿಯ ಪರ್ಪ್ಯೂರಿಯ, ಐದಿದ್ದರೆ ಬಾಹಿನಿಯ ವೇರಿಗೇಟ. ಬಾಹಿನಿಯ ಎಂಬ ಹೆಸರು ಬಂದದ್ದು ಬಾಹಿನ್ ಎಂಬ ಸಸ್ಯವಿಜ್ಞಾನಿ ಸೋದರರಿಂದ. ಎರಡು ಪಾಲಾಗಿಯೂ ಒಂದೇ ಆಗಿರುವ ಆ ಎಲೆಗೆ ಅಣ್ಣತಮ್ಮಂದಿರ ಹೆಸರಿಟ್ಟವರ ರಸಿಕತೆಯನ್ನು ಮೆಚ್ಚಬೇಕು.

ಈ ಗುಂಪಿನ ತೊಂದರೆ ಏನೆಂದರೆ, ಇದಕ್ಕೆ ತನ್ನದೇ ಎನ್ನುವ ಮುಖಲಕ್ಷಣ ಗಟ್ಟಿಯಾಗಿಲ್ಲ. ಹುಣಸೆಯಲ್ಲಿ ಕಣ್ಣಿಗೆ ಕಾಣುವ ದಳಗಳು ಮೂರೇ. ಇನ್ನೆರಡು ಕೂದಲೆಳೆಯಷ್ಟಾಗಿ ಕೆಳಗೆ ಉಳಿದಿವೆ. ಫಲವತ್ತಾದ ಕೇಸರಗಳೂ ಮೂರೇ, ಅವುಗಳ ಬುಡ ಬೇರೆ ಬೆಸೆದುಕೊಂಡಿದೆ. ಬೆಸುಗೆಯನ್ನು ಕಂಡ ಕೂಡಲೇ ಚಿಟ್ಟೆಹೂವು ಎಂದುಬಿಡಬೇಡಿ, ಎಣಿಸಿ ನೋಡಿ. ಅಶೋಕದಲ್ಲಿ ದಳಗಳೇ ಇಲ್ಲ. ಕಿತ್ತಳೆ ಬಣ್ಣಕ್ಕೆ ಅರಳಿ ಕೆಂಪಾಗುವ ಆ ನಾಲ್ಕು ಹಾಲೆಗಳು ಪುಷ್ಪಪಾತ್ರೆಯವು. ಅವುಗಳಿಂದ ಹೊರಚಾಚಿದ ಏಳೆಂಟು ಉದ್ದ ಕೇಸರಗಳಿಂದಾಗಿ ದೂರದಿಂದ ಇಡೀ ಗೊಂಚಲು ಜಾಲಿ ಜಾತಿಯದೇನೋ ಎನ್ನಿಸುತ್ತದೆ. ನಿಮ್ಮ ಚುಕ್ಕೆ ಎಸಳಿನಂಥ ಮೋಸ ಬಸವನಪಾದದಲ್ಲೂ ಇದೆ. ಅದರ ಮೇಲಿನ ದಳದ ಮೇಲೂ ಗಾಢ ಬಣ್ಣದ ಗೆರೆಗಳಿರುತ್ತವೆ. ಆದರೆ ಮೊಗ್ಗಿನಲ್ಲಿ ಅದು ಒಳಗೇ ಇರುತ್ತದೆ. ಇದರ ಹತ್ತಿರದ ಸಂಬಂಧಿ ಸರ್ಸಿಸ್ ಇನ್ನೂ ಘಾಟಿ. ಅರಳಿದ ಹೂವು ಹೆಚ್ಚು ಕಡಿಮೆ ಬಟಾಣಿ ಹೂವಿನಂತೆಯೇ ಇದ್ದು, ಮೊಗ್ಗನ್ನು ಬಿಡಿಸುವವರೆಗೂ ಗುಟ್ಟು ಬಿಟ್ಟುಕೊಡುವುದಿಲ್ಲ.

ಮೂರನೆಯದು ಜಾಲಿಯ ಗುಂಪು, ಮೈಮೋಸಾಯ್ಡೀ. ಇಲ್ಲಿ ಯಾವ ದಳ ಹೊರಗೆ, ಯಾವುದು ಒಳಗೆ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಮುಚ್ಚಿದ ಬಾಗಿಲಿನ ಎರಡು ಪಡಿಗಳಂತೆ ದಳಗಳು ಅಂಚಿಗೆ ಅಂಚು ಕೂಡಿ ನಿಲ್ಲುತ್ತವೆ, ಯಾವುದೂ ಯಾವುದರ ಮೇಲೂ ಏರುವುದಿಲ್ಲ. ದಳಗಳು ಎಲ್ಲ ಕಡೆಗೂ ಒಂದೇ ಸಮ. ಹೂವೋ ಬಹಳ ಚಿಕ್ಕದು. ಮಳೆಮರದ ಹೂವು ಎಂದು ನೀವು ಕೈಗೆತ್ತಿಕೊಂಡ ಗುಲಾಬಿ ಕುಚ್ಚು ಒಂದು ಹೂವಲ್ಲ, ಹಲವು ಹೂಗಳ ಕೂಟ. ಭೂತಗನ್ನಡಿಯಲ್ಲಿ ಅವನ್ನು ಬಿಡಿಬಿಡಿಯಾಗಿ ನೋಡಿ. ನಡುವಿನ ಹೂವು ಸುತ್ತಲಿನವಕ್ಕಿಂತ ದೊಡ್ಡದಾಗಿ ಬೇರೆಯೇ ಆಕಾರದಲ್ಲಿರುತ್ತದೆ. ಬಾಗೆಯಲ್ಲೂ ಹೀಗೆಯೇ. ಕಣ್ಣು ಸೆಳೆಯುವ ಕೆಲಸವನ್ನು ದಳಗಳಿಂದ ಕಿತ್ತುಕೊಂಡು ಕೇಸರಗಳೇ ವಹಿಸಿಕೊಂಡಿವೆ.

ಕೇಸರಗಳ ಲೆಕ್ಕದಿಂದ ಈ ಗುಂಪಿನೊಳಗೆ ಇನ್ನೂ ಸ್ವಲ್ಪ ಮುಂದೆ ಹೋಗಬಹುದು. ಮುಟ್ಟಿದರೆ ಮುನಿಯ ಒಂದೊಂದು ಪುಟ್ಟ ಹೂವಿನಲ್ಲಿ ದಳಗಳು ನಾಲ್ಕು, ಕೇಸರಗಳೂ ನಾಲ್ಕು. ಸುಬಾಬುಲ್ ಮತ್ತು ಬನ್ನಿಯಲ್ಲಿ ಹತ್ತು. ಜಾಲಿಯಲ್ಲಿ ಎಣಿಸಿ ಮುಗಿಯದಷ್ಟು, ಎಲ್ಲವೂ ಬಿಡಿ. ಬಾಗೆ, ಮಳೆಮರಗಳಲ್ಲಿಯೂ ಹತ್ತನ್ನು ಮೀರುತ್ತವೆ, ಆದರೆ ಬುಡದಲ್ಲಿ ಕೊಳವೆಯಾಗಿ ಸೇರಿರುತ್ತವೆ. ಸೂಜಿಯಿಂದ ಒಂದು ಕೇಸರವನ್ನು ಎಳೆದು ನೋಡಿ. ಜಾಲಿಯಲ್ಲಿ ಅದೊಂದೇ ಬರುತ್ತದೆ, ಬಾಗೆಯಲ್ಲಿ ಜೊತೆಯವೂ ಬರುತ್ತವೆ. ಸೂಕ್ಷ್ಮದರ್ಶಕ ಸಿಕ್ಕರೆ ಜಾಲಿಯ ಪರಾಗವನ್ನು ತಪ್ಪದೆ ನೋಡಿ. ಬಿಡಿ ಕಣಗಳ ಬದಲು, ಸಾಮಾನ್ಯವಾಗಿ ಹದಿನಾರು ಕಣಗಳು ಒಟ್ಟಿಗೆ ಅಂಟಿದ ಬಿಲ್ಲೆಗಳು ಕಾಣುತ್ತವೆ. ಇಂಥ ಒಂದು ಬಿಲ್ಲೆ ಶಲಾಕಾಗ್ರಕ್ಕೆ, ಅಂದರೆ ಅಂಡಾಶಯದ ಮೇಲೆ ಪರಾಗ ಹಿಡಿಯುವ ತುದಿಗೆ, ತಾಗಿದರೆ ಒಂದು ಕಾಯಿಯ ಬೀಜಗಳಿಗೆಲ್ಲ ಸಾಕಾಗುವಷ್ಟು ಪರಾಗ ಒಮ್ಮೆಗೇ ಸಿಕ್ಕಂತಾಗುತ್ತದೆ.

ಹಾಗೆಂದು ಕೇಸರದ ಕುಚ್ಚುಗಳೆಲ್ಲ ಈ ಗುಂಪಿನವಲ್ಲ. ಬಾಟಲ್‌ಬ್ರಷ್ ಮತ್ತು ನೇರಳೆಯ ಹೂಗಳೂ ಕೇಸರಗಳಿಂದಲೇ ಮೆರೆಯುತ್ತವೆ, ಆದರೆ ಅವು ಬೇರೆಯೇ ಕುಟುಂಬ. ಅವುಗಳ ಅಂಡಾಶಯ ದಳಗಳ ಬುಡಕ್ಕಿಂತ ಕೆಳಗೆ ಹುದುಗಿರುತ್ತದೆ. ನಮ್ಮ ಕುಟುಂಬದಲ್ಲಿ ಅಂಡಾಶಯ ಯಾವಾಗಲೂ ದಳಗಳ ನಡುವೆ ಮೇಲೆದ್ದು ನಿಂತು ಆಗಲೇ ಪುಟ್ಟ ಕಾಯಿಯಂತೆ ಕಾಣುತ್ತದೆ.

ಇನ್ನು ಕಾಯಿಯ ವಿಚಾರ. ನಿಮಗೆ ನಿರಾಸೆಯಾಗಬಹುದು, ಕಾಯಿಯ ಹೊರ ಆಕಾರ ಕುಟುಂಬವನ್ನು ಹೇಳುತ್ತದೆಯೇ ಹೊರತು ಉಪಕುಟುಂಬವನ್ನು ಹೇಳುವುದಿಲ್ಲ. ಒಂದು ಎಲೆಯನ್ನು ಉದ್ದಕ್ಕೆ ಮಡಿಸಿ ಅಂಚುಗಳನ್ನು ಹೊಲಿದರೆ ಹೇಗೋ ಹಾಗೆ ಈ ಕಾಯಿ. ಬಟಾಣಿ ಕಾಯಿಯನ್ನು ಬಿಡಿಸಿದಾಗ ಮೊದಲ ಬೀಜ ಒಂದು ಹೋಳಿಗೆ, ಎರಡನೆಯದು ಇನ್ನೊಂದು ಹೋಳಿಗೆ, ಮೂರನೆಯದು ಮತ್ತೆ ಮೊದಲನೆಯದಕ್ಕೆ ಅಂಟಿಕೊಂಡಿರುವುದನ್ನು ಗಮನಿಸಿದ್ದೀರಾ? ಹೊಲಿಗೆಯ ಎರಡೂ ಅಂಚುಗಳು ಸರದಿಯಂತೆ ಬೀಜ ಹೊತ್ತಿವೆ. ಈ ಒಂದು ಮಾದರಿಯನ್ನೇ ಮೂರೂ ಗುಂಪುಗಳು ಹಿಗ್ಗಿಸಿ, ತಿರುಚಿ, ತುಂಡು ಮಾಡಿ, ರೆಕ್ಕೆ ಹಚ್ಚಿ ತಮಗೆ ಬೇಕಾದಂತೆ ಬಳಸಿಕೊಂಡಿವೆ. ಬೀಜವನ್ನು ಗಾಳಿ ಒಯ್ಯಬೇಕೋ, ಪ್ರಾಣಿ ಒಯ್ಯಬೇಕೋ, ನೀರು ಒಯ್ಯಬೇಕೋ ಎಂಬುದರ ಮೇಲೆ ಕಾಯಿಯ ಹೊರರೂಪ ನಿಂತಿದೆ. ಹಾಗಾಗಿ ದೂರದ ನೆಂಟರಲ್ಲೂ ಒಂದೇ ರೂಪ ಮತ್ತೆ ಮತ್ತೆ ಹುಟ್ಟಿಕೊಂಡಿದೆ.

ರೆಕ್ಕೆಯನ್ನೇ ತೆಗೆದುಕೊಳ್ಳಿ. ಹೊನ್ನೆಯ ಕಾಯಿ ಸುತ್ತಲೂ ರೆಕ್ಕೆಯಿರುವ ಬಿಲ್ಲೆ, ಅದು ಚಿಟ್ಟೆಹೂವಿನ ಗುಂಪು. ಪೆಲ್ಟೊಫೋರಮ್ ಮರದ ತಾಮ್ರ ಬಣ್ಣದ ಕಾಯಿಗೂ ಅಂಚಿನಲ್ಲಿ ರೆಕ್ಕೆಯಿದೆ, ಅದು ಗುಲ್‌ಮೊಹರ್‌ನ ಬಳಗ. ತಿರುಳನ್ನು ನೋಡಿದರೆ ಹುಣಸೆ, ಕಕ್ಕೆ, ಮಳೆಮರ ಮೂರರಲ್ಲೂ ಇದೆ. ಸೀಮೆಹುಣಸೆ ಹೆಸರಿಗೆ ಹುಣಸೆ, ಕುಲ ಜಾಲಿಯ ಗುಂಪಿನದು, ಸುರುಳಿ ಸುತ್ತಿದ ಅದರ ಕಾಯಿಯಲ್ಲಿ ಬೀಜವನ್ನು ಸುತ್ತುವರಿದದ್ದು ಹುಣಸೆಯ ತಿರುಳಿನಂಥದ್ದಲ್ಲವೇ ಅಲ್ಲ. ತುಂಡಾಗುವ ಕಾಯಿಗಳಲ್ಲಿ ಮಾತ್ರ ಒಂದು ಚಂದದ ಗುರುತಿದೆ. ಚಿಟ್ಟೆಹೂವಿನ ಗುಂಪಿನ ಡೆಸ್ಮೋಡಿಯಮ್‌ನ ಕಾಯಿ ಗಿಣ್ಣು ಗಿಣ್ಣಿಗೆ ಮುರಿದು ಬಟ್ಟೆಗೆ ಅಂಟುತ್ತದೆ, ಹಿಂದೆ ಏನೂ ಉಳಿಯುವುದಿಲ್ಲ. ಮುಟ್ಟಿದರೆ ಮುನಿಯ ಕಾಯಿಯೂ ತುಂಡು ತುಂಡಾಗುತ್ತದೆ, ಆದರೆ ಎರಡೂ ಅಂಚುಗಳು ಮುಳ್ಳುಕೂದಲಿನ ಸಮೇತ ಗಿಡದ ಮೇಲೆಯೇ ಖಾಲಿ ಚೌಕಟ್ಟಿನಂತೆ ಉಳಿಯುತ್ತವೆ. ಚೌಕಟ್ಟು ಕಂಡರೆ ಅದು ಮುಟ್ಟಿದರೆ ಮುನಿಯ ಕುಲವಾದ ಮೈಮೋಸ.

ಹೂವೇ ಇಲ್ಲದ ಕಾಲದಲ್ಲಿ ಕಾಯಿ ಮಾತ್ರ ಸಿಕ್ಕರೆ ನಾನು ನೋಡುವುದು ಮೊದಲು ತೊಟ್ಟನ್ನು. ಗುಂಡಗಿನ ಒಂದು ಗಂಟಿನಿಂದ ಒಂದೋ ಎರಡೋ ಮೂರೋ ಕಾಯಿಗಳು ಹೊರಟಿದ್ದರೆ, ಆ ಗಂಟು ಉದುರಿಹೋದ ಹೂಗುಚ್ಛದ ಪೀಠ, ಅಂದರೆ ಜಾಲಿಯ ಗುಂಪಿನ ಕಡೆಗೆ ಕೈ ತೋರಿಸುತ್ತದೆ. ಕಾಯಿಯ ಬುಡದಲ್ಲಿ ಒಣಗಿದ ಬಟ್ಟಲಿನಂಥ ಪುಷ್ಪಪಾತ್ರೆ ಇನ್ನೂ ಅಂಟಿಕೊಂಡಿದ್ದರೆ ಚಿಟ್ಟೆಹೂವಿನ ಗುಂಪನ್ನು ಶಂಕಿಸಿ. ಶಂಕಿಸಿ ಎಂದಷ್ಟೇ ಹೇಳಿದೆ, ತೀರ್ಪು ಕೊಡಿ ಎನ್ನಲಿಲ್ಲ.

ತೀರ್ಪಿಗೆ ಹತ್ತಿರ ಹೋಗುವುದು ಬೀಜ. ಅವರೆ ಬೀಜದ ಅಂಚಿನಲ್ಲಿ ಉದ್ದನೆಯ ಬಿಳಿ ಪಟ್ಟಿ ಇದೆಯಲ್ಲ, ಬೀಜ ಕಾಯಿಗೆ ಅಂಟಿಕೊಂಡಿದ್ದ ಆ ಜಾಗ ಚಿಟ್ಟೆಹೂವಿನ ಗುಂಪಿನಲ್ಲಿ ಹೀಗೆ ಎದ್ದು ಕಾಣುತ್ತದೆ. ಬೀಜವನ್ನು ನೆನೆಸಿ ಸಿಪ್ಪೆ ಸುಲಿದರೆ, ಮುಂದೆ ಬೇರಾಗುವ ಮೂಲಾಂಕುರ ಬೀಜದಳಗಳ ಅಂಚಿಗೆ ಬಾಗಿ ಮಲಗಿರುವುದು ಕಾಣುತ್ತದೆ. ಉಳಿದ ಗುಂಪುಗಳಲ್ಲಿ ಅದು ಬಹುಮಟ್ಟಿಗೆ ನೇರ. ಜಾಲಿ, ಬಾಗೆ, ಸುಬಾಬುಲ್ ಬೀಜಗಳ ಚಪ್ಪಟೆ ಮೈಯ ಎರಡೂ ಬದಿಗೆ ಕುದುರೆ ಲಾಳದಂಥ ಸಣ್ಣ ಗೆರೆ ಇರುತ್ತದೆ, ಲಾಳದ ಬಾಯಿ ಬೀಜದ ತೊಟ್ಟಿನ ಕಡೆಗೆ ತೆರೆದಿರುತ್ತದೆ. ಭೂತಗನ್ನಡಿಯನ್ನು ಓರೆ ಬೆಳಕಿನಲ್ಲಿ ಹಿಡಿಯಿರಿ, ಇಲ್ಲವಾದರೆ ತಪ್ಪಿಹೋಗುತ್ತದೆ. ತಂಗಡಿಯ ಕುಲವಾದ ಸೆನ್ನದ ಹಲವು ಬೀಜಗಳ ಮೇಲೂ ಇಂಥದೇ ಗುರುತಿದೆ, ಆದರೆ ಗೆರೆ ಪೂರ್ತಿ ಸುತ್ತಿ ಮುಚ್ಚಿಕೊಂಡಿರುತ್ತದೆ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. ಕೆಂಪು ಬೀಜಗಳ ವಿಷಯದಲ್ಲಿ ಗೊಂದಲ ಸಾಮಾನ್ಯ. ಕಪ್ಪು ಕಣ್ಣಿರುವ ಗುಲಗಂಜಿ ಚಿಟ್ಟೆಹೂವಿನ ಬಳ್ಳಿಯದು. ಮೈಯೆಲ್ಲ ಕೆಂಪಾಗಿರುವ ಆನೆ ಗುಲಗಂಜಿ ಜಾಲಿಯ ಗುಂಪಿನ ದೊಡ್ಡ ಮರದ್ದು. ಹೆಸರು ಹಂಚಿಕೊಂಡದ್ದು ಬಿಟ್ಟರೆ ಎರಡಕ್ಕೂ ಹತ್ತಿರದ ನಂಟಿಲ್ಲ.

ಮೂರೋ ಆರೋ ಎಂಬ ಪ್ರಶ್ನೆಗೆ ಬರುತ್ತೇನೆ. ಮೂರರ ವಿಂಗಡಣೆಯಲ್ಲಿ ಎರಡು ಗುಂಪುಗಳಿಗೆ ಸ್ಪಷ್ಟ ಚಹರೆ ಇತ್ತು. ಧ್ವಜದಳ ಹೊರಗಿದ್ದರೆ ಒಂದು, ದಳಗಳು ಅಂಚು ಕೂಡಿದ್ದರೆ ಇನ್ನೊಂದು. ಈ ಎರಡಕ್ಕೂ ಒಗ್ಗದವನ್ನೆಲ್ಲ ಹಾಕಿದ ಚಿಲ್ಲರೆ ಡಬ್ಬಿಯೇ ಹಳೆಯ ಸಿಸಾಲ್ಪಿನಿಯಾಯ್ಡೀ. ಹುಣಸೆ, ಅಶೋಕ, ಬಸವನಪಾದಗಳು ಅಲ್ಲಿ ಕಷ್ಟ ಕೊಟ್ಟದ್ದು ಇದೇ ಕಾರಣಕ್ಕೆ. 2017ರಲ್ಲಿ ಈ ಕುಟುಂಬವನ್ನು ಅಧ್ಯಯನ ಮಾಡುವ ವಿಜ್ಞಾನಿಗಳ ಅಂತರರಾಷ್ಟ್ರೀಯ ತಂಡವೊಂದು, ಆಗ ತಿಳಿದಿದ್ದ 765 ಕುಲಗಳಲ್ಲಿ 698ರ ಹರಿತ್ತುಕಣದ ಒಂದು ಜೀನ್ ಅನ್ನು ಹೋಲಿಸಿ ವಂಶವೃಕ್ಷ ಬರೆಯಿತು. ಚಿಲ್ಲರೆ ಡಬ್ಬಿಯಲ್ಲಿದ್ದವು ಒಂದೇ ಮನೆಯವಲ್ಲ ಎಂಬುದು ಅದರಿಂದ ಖಚಿತವಾಯಿತು. ಬಸವನಪಾದ ಮತ್ತು ಸರ್ಸಿಸ್‌ಗಳು ಸರ್ಸಿಡಾಯ್ಡೀ ಎಂಬ ಉಪಕುಟುಂಬವಾದವು. ಅವುಗಳ ಬೀಜದ ತುದಿಯಲ್ಲಿ ಅರ್ಧಚಂದ್ರದಂಥ ಗುರುತಿರುತ್ತದೆ. ಹುಣಸೆ ಮತ್ತು ಅಶೋಕ ಡೆಟಾರಿಯಾಯ್ಡೀಗೆ ಹೋದವು. ಮೊಗ್ಗಿನ ಬುಡದ ಎರಡು ಕಿರುಪತ್ರಗಳು ದೊಡ್ಡದಾಗಿದ್ದು ಎಷ್ಟೋ ಸಲ ಮೊಗ್ಗನ್ನೇ ಮುಚ್ಚಿಕೊಂಡಿರುವುದು ಅಲ್ಲಿನ ಗುರುತು. ಡಯಾಲಿಯಾಯ್ಡೀ ಇನ್ನೊಂದು, ನೂರರೊಳಗಿನ ಪ್ರಭೇದಗಳ ಸಣ್ಣ ಗುಂಪು. ಆಫ್ರಿಕದ ಒಂದೇ ಒಂದು ಬಳ್ಳಿಗಾಗಿ ಡುಪಾರ್ಕೆಶಿಯಾಯ್ಡೀ ಎಂಬ ಪ್ರತ್ಯೇಕ ಉಪಕುಟುಂಬ. ಪ್ಯಾಪಿಲಿಯೊನಾಯ್ಡೀ ಇದ್ದಲ್ಲೇ ಇತ್ತು.

ಉಳಿದ ಆರನೆಯದು ಹೊಸ ಅರ್ಥದ ಸಿಸಾಲ್ಪಿನಿಯಾಯ್ಡೀ. ಅದರಲ್ಲಿ ಗುಲ್‌ಮೊಹರ್, ಕಕ್ಕೆ, ತಂಗಡಿ, ರತ್ನಗಂಧಿಗಳ ಜೊತೆಗೆ ಜಾಲಿಯ ಗುಂಪು ಪೂರ್ತಿಯಾಗಿ ಸೇರಿಹೋಯಿತು. ಅಂದರೆ ಗುಲ್‌ಮೊಹರ್‌ಗೆ ಹುಣಸೆಗಿಂತ ಮಳೆಮರವೇ ಹತ್ತಿರದ ನೆಂಟ! ಮೂರು ಸಾವಿರಕ್ಕೂ ಹೆಚ್ಚು ಪ್ರಭೇದಗಳಿರುವ ಜಾಲಿಯ ಗುಂಪು ಈಗ ಉಪಕುಟುಂಬವಲ್ಲ, ಅದರೊಳಗಿನ ಒಂದು ಶಾಖೆ.

ಹಿಂದೆ ನಾವೆಲ್ಲ ವಿದ್ಯಾರ್ಥಿಗಳಿಗೆ, ಗುಲ್‌ಮೊಹರ್‌ನ ಎಲೆಯನ್ನು ನೋಡಿ ಮೋಸಹೋಗಬೇಡಿ ಎಂದು ಹೇಳಿಕೊಡುತ್ತಿದ್ದೆವು. ಎರಡು ಸಲ ಕವಲೊಡೆದ, ಗರಿಯಂಥ ಆ ಎಲೆ ಮಳೆಮರದ, ಜಾಲಿಯ ಎಲೆಯ ಹಾಗೆಯೇ ಇರುತ್ತದೆ. ಹೂವು ಬೇರೆ ಮಾತು ಹೇಳುತ್ತದೆ, ಹೂವನ್ನೇ ನಂಬಿ ಎನ್ನುತ್ತಿದ್ದೆವು. ಎಲೆ ಸುಳ್ಳು ಹೇಳಿರಲಿಲ್ಲ. ಇಂಥ ಎಲೆ ಕಾಣಸಿಗುವುದು ಆರು ಉಪಕುಟುಂಬಗಳಲ್ಲಿ ಇದೊಂದರಲ್ಲಿಯೇ. ಚಿಟ್ಟೆಹೂವಿನ ಗುಂಪಿನಲ್ಲಿ ಒಂದಾದರೂ ಇಲ್ಲ. ಸೆನ್ನದ ಬೀಜದ ಮೇಲಿನ ಮುಚ್ಚಿದ ಗೆರೆ, ಜಾಲಿ ಬೀಜದ ಲಾಳದ ಗೆರೆ ಎರಡೂ ಒಂದೇ ಮನೆಯಲ್ಲಿ ಕಾಣಿಸಿಕೊಳ್ಳುವುದೂ ಈಗ ಆಶ್ಚರ್ಯವಲ್ಲ. ನೀವು ಗುಲ್‌ಮೊಹರ್‌ನ ಎಲೆಯನ್ನು ನೋಡಿದ್ದರೆ ಚುಕ್ಕೆ ಎಸಳಿನ ತಪ್ಪು ಆಗುತ್ತಿರಲಿಲ್ಲ.

ಸಂಗ್ರಹದ ಹಾಳೆಯ ಮೇಲೆ ಬರೆಯುವುದಾದರೆ ಹೊಂಗೆಗೆ ಪ್ಯಾಪಿಲಿಯೊನಾಯ್ಡೀ, ಗುಲ್‌ಮೊಹರ್‌ಗೆ ಸಿಸಾಲ್ಪಿನಿಯಾಯ್ಡೀ, ಮಳೆಮರಕ್ಕೆ ಸಿಸಾಲ್ಪಿನಿಯಾಯ್ಡೀ ಎಂದು ಬರೆದು ಕೆಳಗೆ ಮೈಮೋಸ ಶಾಖೆ ಎಂದು ಸೇರಿಸಿ. ಮೂರರ ಪುಸ್ತಕವನ್ನು ಎಸೆಯಬೇಡಿ. ಹೊಲದ ಬದುವಿನಲ್ಲಿ ನಿಂತು ಗಿಡ ಗುರುತಿಸಲು ಅದರ ಕೀಲಿಕೈ ಇವತ್ತಿಗೂ ಚೆನ್ನಾಗಿ ಕೆಲಸ ಮಾಡುತ್ತದೆ. ನಂಟಸ್ತಿಕೆ ಬೇಕಾದಾಗ ಆರರ ಪುಸ್ತಕ ತೆರೆಯಿರಿ. ಮೊದಲ ಮೊಗ್ಗಿಗೆ ಮಾತ್ರ ಮಳೆಮರವನ್ನು ಹಿಡಿಯಬೇಡಿ, ಅದು ತೀರ ಸಣ್ಣದು, ಸೂಜಿ ಜಾರಿ ಬೇಸರವಾಗುತ್ತದೆ. ಅಗಸೆ ಮರದ ಒಂದು ಮೊಗ್ಗು, ಗುಲ್‌ಮೊಹರ್‌ನ ಒಂದು ಮೊಗ್ಗು, ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಬಿಡಿಸಿ. ಇವೆರಡಕ್ಕೆ ಭೂತಗನ್ನಡಿಯೂ ಬೇಡ.